ಮಿಲ್ಟ್ರಿ ಮಾವನ ಎಲ್-70

ಹೊಳೆನರಸೀಪುರದ ನಮ್ಮ ಬೀದಿಗೆಲ್ಲ ಚಿಕ್ಕಪ್ಪ 'ಮಿಲ್ಟ್ರಿ ಮಾವ'. ಚನ್ನರಾಯಪಟ್ಟಣದ ನೆಂಟರಿಗಾಗಲಿ ಅರಕಲಗೂಡಿನ ಬೀಗರಿಗಾಗಲಿ ಅವರ ನೆನಪಾಗೋದು ಬೀಗರೂಟದ ಹೊತ್ತಿಗೆ: 'ಕ್ಯಾಂಟೀನಿಂದ ಎರಡು ಬಾಟ್ಲಿ ರಮ್ ಸಿಗ್ತದಾ?' ಸೇನೆಯಲ್ಲಿ ಅವರು ಮಾಡುತ್ತಿದ್ದ ಕೆಲಸವೇನು ಅಂತ ನಾನೂ ಸೇರಿ ಯಾರೂ ಕೇಳಿರಲಿಲ್ಲ.

2025ರ ಮೇ 9, ಶುಕ್ರವಾರ. ಆಪರೇಷನ್ ಸಿಂಧೂರದ ದಿನಗಳು. ಆಫೀಸ್ ಮುಗಿಸಿ ಬಸ್ ಹತ್ತಿ ಊರು ತಲುಪಿದಾಗ ರಾತ್ರಿಯಾಗಿತ್ತು. ಚಿಕ್ಕಪ್ಪ ಟಿವಿ ಮುಂದೆ. ಯಾವತ್ತಿನಂತೆ ವಾಲ್ಯೂಮ್ ಜೋರು. ಗಡಿಯಲ್ಲಿ ಡ್ರೋನ್‌ಗಳ ಮೇಲೆ ಕೆಂಪು ಗುಂಡುಗಳು ಸಾಲಾಗಿ ಹಾರುತ್ತಿದ್ದವು.

'ನಂದು ಕಣ್ಲಾ ಆ ಗನ್ನು' ಅಂದರು. 'ಎಲ್-70.'

ಅವತ್ತು ಕೂತು ಕೇಳಿದೆ. ಅದು ಸ್ವೀಡನ್ನಿನ ಬೋಫೋರ್ಸ್ ವಿನ್ಯಾಸದ ವಿಮಾನ ನಿರೋಧಕ ತೋಪು. ನಳಿಕೆಯ ಬಾಯಿ 40 ಮಿ.ಮೀ., ಉದ್ದ ಅದರ 70 ಪಟ್ಟು, ಅಂದರೆ 2.8 ಮೀಟರ್. ಹೆಸರಿನ 70 ಬಂದದ್ದು ಅಲ್ಲಿಂದ. ಹಳೇ ತೋಪಿಗೆ ಹೊಸ ಕಣ್ಣು ಕೊಟ್ಟು ಡ್ರೋನ್ ಕಾಲಕ್ಕೆ ತಂದದ್ದು ನಮ್ಮ ಬೆಂಗಳೂರಿನ ಬಿಇಎಲ್.

ಈ ಪಡೆಯ ಕಥೆ 1940ರಲ್ಲಿ, ಮಹಾಯುದ್ಧದ ನಡುವೆ ಮುಂಬೈನ ಕೊಲಾಬಾದಲ್ಲಿ ಶುರುವಾಯಿತು. 1965ರಲ್ಲಿ ಅಮೃತಸರದ ರೇಡಾರ್ ಮೇಲೆ ಪಾಕಿಸ್ತಾನದ ವಿಮಾನಗಳು ಮತ್ತೆ ಮತ್ತೆ ಎರಗಿದಾಗ ಕಾದದ್ದು 27ನೇ ರೆಜಿಮೆಂಟ್. ಅದಕ್ಕೆ ಸಿಕ್ಕ ಗೌರವದ ಹೆಸರು 'ಅಮೃತಸರ ಏರ್‌ಫೀಲ್ಡ್'. ಆದರೂ ದಶಕಗಳ ಕಾಲ ಇವರು ಫಿರಂಗಿ ದಳದ ಒಂದು ಭಾಗ ಅಷ್ಟೇ. ಸ್ವಂತ ದಳವಾದದ್ದು 1994ರ ಜನವರಿಯಲ್ಲಿ. ಚಿಕ್ಕಪ್ಪ ಸೇರಿದ್ದು 1988ಕ್ಕೆ, ನಿವೃತ್ತಿ 2005ಕ್ಕೆ.

'ಬ್ಯಾಡ್ಜ್ ಬದಲಾಯ್ತು, ಗನ್ನು ಅದೇ' ಅಂತ ನಕ್ಕರು.

'ಇದನ್ನೆಲ್ಲ ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ?'

ಅವರು ಎಡಗಿವಿ ಮುಂದೆ ತಂದರು. ಮತ್ತೆ ಕೇಳಿದೆ.

'ನಾವು ಕೆಲಸ ಸರಿಯಾಗಿ ಮಾಡಿದ್ರೆ ಕೆಳಗೆ ಏನೂ ಆಗಲ್ಲ ಕಣಪ್ಪ. ಏನೂ ಆಗ್ದೇ ಇದ್ದದ್ನ ಕಥೆ ಮಾಡಿ ಹೇಳೋದು ಹೆಂಗೆ?'

ನಾನು ಕಂಪನಿಯ ಸರ್ವರ್ ಕಾಯೋನು. ಅದು ಕೆಟ್ಟ ದಿನ ಹತ್ತು ಫೋನು, ಕೆಡದ ದಿನ ನಾನಿರೋದೇ ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಅವರ ಮಾತು ಸೀದಾ ಒಳಗಿಳಿಯಿತು. ಆದರೆ ನನ್ನ ಕೆಲಸಕ್ಕೆ ನಾನು ಕಿವಿ ಕೊಟ್ಟಿಲ್ಲ. ಇಷ್ಟು ವರ್ಷ 'ಟಿವಿ ಸೌಂಡ್ ಕಮ್ಮಿ ಮಾಡಿ' ಅಂತ ರೇಗಿದ್ದೆನಲ್ಲ, ಅವರ ಬಲಗಿವಿ ಹೋದದ್ದು ಆ ತೋಪಿನ ಪಕ್ಕದಲ್ಲೇ. ಅದೂ ಗೊತ್ತಾದದ್ದು ಅವತ್ತೇ.

ಮಾರನೇ ದಿನ ಸಂಜೆ ಕದನ ವಿರಾಮದ ಸುದ್ದಿ ಬಂತು. ಚಿಕ್ಕಪ್ಪ ಟಿವಿ ಆರಿಸಿ ತೋಟದ ಕಡೆ ಹೊರಟರು. ಈ ಸಲ ನಾನೂ ಜೊತೆಗೆ ಹೋದೆ, ಅವರ ಎಡಗಡೆ ನಡೆಯುತ್ತಾ.

ನಮ್ಮ ಹಾಸನ ಸೀಮೆಯಲ್ಲಿ ಇಂಥ ಮಿಲ್ಟ್ರಿ ಮಾವಂದಿರು ಊರಿಗೊಬ್ಬರಾದರೂ ಸಿಗುತ್ತಾರೆ. ನಿಮ್ಮ ಮನೆಯಲ್ಲೂ ಇದ್ದರೆ, ಮುಂದಿನ ಬೀಗರೂಟಕ್ಕೆ ರಮ್ ಕೇಳೋ ಮೊದಲು ಒಂದು ಮಾತು ಕೇಳಿ: 'ನೀವು ಅಲ್ಲಿ ಏನು ಮಾಡ್ತಿದ್ರಿ?'