ಹಳೆಯ ಆದೇಶವನ್ನು ಅಳಿಸುವ ಹೊಣೆ

ಹೊಸ ಪ್ರೋಗ್ರಾಮನ್ನು ಬರೆದವನಿಗೆ ಮನ್ನಣೆಯುಂಟು. ಹಳೆಯದನ್ನು ಹುಡುಕಿ ಅಳಿಸಿದವನನ್ನು ಯಾರೂ ನೆನೆಯುವುದಿಲ್ಲ. ಈ ಅನಾದರ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ 2012ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಂಗತಿ ಸಾಕ್ಷಿಯಾಗಿದೆ.

ದೊಡ್ಡ ಕೆಲಸವನ್ನು ಹಲವು ಸರ್ವರುಗಳಿಗೆ ಹಂಚುವುದು ಇಂದಿನ ವಾಡಿಕೆ. ಪ್ರತಿಯೊಂದು ಸರ್ವರೂ ತಾನು ಪಾಲಿಸಬೇಕಾದ ಆದೇಶಗಳ ನಕಲನ್ನು ತನ್ನಲ್ಲಿಯೇ ಇರಿಸಿಕೊಂಡಿರುತ್ತದೆ. ಇದರಿಂದ ಕಾಲ ಉಳಿಯುತ್ತದೆಯೆಂಬುದು ನಿಜ. ಆದರೆ ಮೂಲವನ್ನು ತಿದ್ದಿದ ಮಾತ್ರಕ್ಕೆ ನಕಲುಗಳು ತಾವಾಗಿಯೇ ತಿದ್ದಿಕೊಳ್ಳುವುದಿಲ್ಲ.

ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರ ಸಂಸ್ಥೆಯಲ್ಲಿ, ಬೇಡಿಕೆಗಳನ್ನು ಪೇಟೆಗೆ ಕಳುಹಿಸಲು ಎಂಟು ಸರ್ವರುಗಳಿದ್ದವು. ‘ಪವರ್ ಪೆಗ್’ ಎಂಬ ಆದೇಶಮಾಲೆಯ ಬಳಕೆಯನ್ನು ಸಂಸ್ಥೆಯು 2003ರಲ್ಲಿಯೇ ನಿಲ್ಲಿಸಿದ್ದರೂ ಅದನ್ನು ಅಳಿಸಿರಲಿಲ್ಲ. 2012ರ ಜುಲೈ ಕೊನೆಯಲ್ಲಿ ಅದರ ಸ್ಥಾನದಲ್ಲಿ ಹೊಸ ಆದೇಶಗಳನ್ನು ಇರಿಸತೊಡಗಿದರು. ಹಳೆಯದನ್ನು ಚಾಲನೆಗೊಳಿಸುತ್ತಿದ್ದ ಸಂಕೇತವನ್ನೇ ಹೊಸದಕ್ಕೂ ಬಳಸಿಕೊಂಡರು. ಹೊಸ ನಕಲು ಏಳು ಸರ್ವರುಗಳಿಗೆ ತಲುಪಿತು, ಎಂಟನೆಯದಕ್ಕೆ ತಲುಪಲಿಲ್ಲ. ಆ ಕೆಲಸವನ್ನು ಎರಡನೆಯವರು ಯಾರೂ ಪರಿಶೀಲಿಸಲಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಪೇಟೆ ತೆರೆದೊಡನೆ ಆ ಸಂಕೇತ ಎಂಟನೆಯ ಸರ್ವರಿನಲ್ಲಿ ಹಳೆಯ ಆದೇಶವನ್ನು ಎಬ್ಬಿಸಿತು. ಬೇಡಿಕೆ ಪೂರೈಸಿದ್ದರೂ ಅದನ್ನರಿಯದೆ ಆ ಯಂತ್ರವು ಮತ್ತೆ ಮತ್ತೆ ಬೇಡಿಕೆಗಳನ್ನು ಕಳುಹಿಸುತ್ತಲೇ ಹೋಯಿತು. ಕಾರಣ ತೋಚದ ತಂತ್ರಜ್ಞರು ಉಳಿದ ಏಳರಿಂದ ಹೊಸ ನಕಲನ್ನು ತೆಗೆದುಹಾಕಲು, ಅಲ್ಲಿಯೂ ಹಳೆಯದೇ ಎಚ್ಚರಗೊಂಡಿತು! ಸುಮಾರು 45 ನಿಮಿಷಗಳ ಈ ವ್ಯಾಪಾರದಿಂದ ಸಂಸ್ಥೆಗೆ ಆದ ನಷ್ಟ 46 ಕೋಟಿ ಡಾಲರಿಗೂ ಮಿಗಿಲು.

ಇದನ್ನು ಒಬ್ಬ ನೌಕರನ ಮರೆವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಮನುಷ್ಯ ಮರೆಯುವನೆಂದು ತಿಳಿದೇ ವ್ಯವಸ್ಥೆಯನ್ನು ಕಟ್ಟಬೇಕು. ಉಪಾಯವೂ ಕಠಿಣವಲ್ಲ. ಎಷ್ಟೇ ದೀರ್ಘವಾದ ಆದೇಶಮಾಲೆಯಿಂದಲೂ ಗಣಿತದ ಮೂಲಕ ಕಿರಿದಾದ ಒಂದು ಮುದ್ರೆಯನ್ನು ಪಡೆಯಬಹುದು. ಎಸ್‌ಎಚ್‌ಎ-256 ವಿಧಾನದಲ್ಲಿ ಅದರ ಉದ್ದ ಕೇವಲ 256 ಬಿಟ್‌ಗಳು. ಒಂದಕ್ಷರ ವ್ಯತ್ಯಾಸವಾದರೂ ಮುದ್ರೆ ಗುರುತು ಸಿಗದಷ್ಟು ಬದಲಾಗುತ್ತದೆ. ಎಂಟು ಮುದ್ರೆಗಳನ್ನು ಮೂಲದ ಮುದ್ರೆಯೊಡನೆ ಹೋಲಿಸಿ ನೋಡಿದ್ದರೆ ದೋಷ ಆಗಲೇ ಬಯಲಾಗುತ್ತಿತ್ತು.

ಆದರೆ ಹೋಲಿಕೆಯೊಂದೇ ಸಾಲದು. ನಕಲು ಮೂಲದಂತಿದೆಯೆಂದು ಮುದ್ರೆ ಹೇಳೀತು. ಮೂಲದಲ್ಲಿಯೇ ಉಳಿದ ಕಸವನ್ನು ಅದು ತೋರಿಸಲಾರದು. ಅದನ್ನು ಗುಡಿಸುವುದು ಬರೆದವರ ಹೊಣೆ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಹಿಂದಿನವರು ಬಿಟ್ಟ ತಂತಿಗಳನ್ನು ಬಿಚ್ಚಿದ ಮೇಲೆಯೇ ಹೊಸ ವಿದ್ಯುನ್ಮಂಡಲವನ್ನು ಜೋಡಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಪ್ರೋಗ್ರಾಂ ಬರೆಯುವುದನ್ನು ಕಲಿಸುವಾಗಲೂ ಈ ಪಾಠವನ್ನು ಮೊದಲ ದಿನದಿಂದಲೇ ಹೇಳಿಕೊಡಬೇಕು. ಹಳೆಯದು ಎಲ್ಲ ಸರ್ವರುಗಳಿಂದಲೂ ಹೋಯಿತೆಂದು ಖಚಿತವಾಗುವವರೆಗೆ ಹೊಸದರ ಕೆಲಸ ಮುಗಿಯಿತೆಂದು ತಿಳಿಯಲಾಗದು.