ಅನಿತ್ಯದ ನೆನಪು ನಿತ್ಯವೂ ಇರಲಿ

ಬದುಕು ಅನಿತ್ಯವೆಂಬುದು ನಮಗೆ ನೆನಪಾಗುವುದು ಸಾವಿನ ಮನೆಯಲ್ಲಿ ಮಾತ್ರ. 'ಇಷ್ಟೇ ಮನುಷ್ಯನ ಬಾಳು' ಎಂದು ನಿಟ್ಟುಸಿರಿಟ್ಟು ಅಂಗಳ ದಾಟುವಷ್ಟರಲ್ಲಿ ಅಡಿಕೆ ಧಾರಣೆಯ ಮಾತು ಶುರುವಾಗಿರುತ್ತದೆ. ಹಿರಿಯರು ಇದನ್ನೇ ಸ್ಮಶಾನ ವೈರಾಗ್ಯವೆಂದು ಕರೆದರು. ಬುದ್ಧನು ಬಯಸಿದ್ದು ಈ ಅರೆಗಳಿಗೆಯ ವೈರಾಗ್ಯವನ್ನಲ್ಲ, ದಿನನಿತ್ಯದ ಎಚ್ಚರವನ್ನು.

ಪಾಳಿ ಭಾಷೆಯ ಅಂಗುತ್ತರ ನಿಕಾಯದಲ್ಲಿ ಐದು ಸಂಗತಿಗಳನ್ನು ಪದೇ ಪದೇ ಚಿಂತಿಸಬೇಕೆಂಬ ಉಪದೇಶವಿದೆ. ಮುಪ್ಪು, ರೋಗ, ಮರಣ ಈ ಮೂರೂ ನನಗೆ ತಪ್ಪಿದ್ದಲ್ಲ ಎಂಬುದು ಮೊದಲಿನವು. ಪ್ರಿಯವಾದುದೆಲ್ಲದರಿಂದ ಒಂದು ದಿನ ಅಗಲಬೇಕು ಎಂಬುದು ನಾಲ್ಕನೆಯದು. ನನ್ನ ಕರ್ಮಕ್ಕೆ ನಾನೇ ವಾರಸುದಾರ ಎಂಬುದು ಐದನೆಯದು.

ಇದು ಸನ್ಯಾಸಿಗಳಿಗಾಯಿತು, ಸಂಸಾರಿಗಳಿಗೇಕೆ ಎಂದು ಕೇಳುವವರಿದ್ದಾರೆ. ಸ್ತ್ರೀಯಾಗಲಿ ಪುರುಷನಾಗಲಿ, ಗೃಹಸ್ಥನಾಗಲಿ ಸನ್ಯಾಸಿಯಾಗಲಿ ಇದನ್ನು ಚಿಂತಿಸಬೇಕೆಂದು ಆ ಉಪದೇಶದಲ್ಲೇ ಸ್ಪಷ್ಟವಾಗಿದೆ. ಬೌದ್ಧ ವಿಚಾರ ನಮ್ಮ ಕರಾವಳಿಗೆ ಅಪರಿಚಿತವೂ ಅಲ್ಲ. ಅವಲೋಕಿತೇಶ್ವರ ಬೋಧಿಸತ್ತ್ವನದೆಂದು ಅನೇಕ ವಿದ್ವಾಂಸರು ಗುರುತಿಸಿರುವ ಕದ್ರಿಯ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ.

ಇದೊಂದು ನಿರಾಶಾವಾದ ಎಂಬ ಇನ್ನೊಂದು ಆಕ್ಷೇಪವೂ ಸರಿಯಲ್ಲ. ಪ್ರತಿಯೊಂದು ಚಿಂತನೆಗೂ ಅದರದೇ ಕೆಲಸವಿದೆ. ಮುಪ್ಪಿನ ನೆನಪು ಯೌವನದ ಮದವನ್ನು, ರೋಗದ ನೆನಪು ಆರೋಗ್ಯದ ಮದವನ್ನು, ಮರಣದ ನೆನಪು ಬದುಕಿನ ಮದವನ್ನು ಇಳಿಸುತ್ತದೆ. ಅಗಲಿಕೆಯ ನೆನಪು ಮೋಹವನ್ನು ಸಡಿಲಿಸುತ್ತದೆ. ಕರ್ಮದ ನೆನಪು ದುರ್ನಡತೆಯನ್ನು ತಡೆಯುತ್ತದೆ. ಇದು ಔಷಧವೇ ಹೊರತು ವಿಷವಲ್ಲ.

ನಮ್ಮ ಮನೆಗಳಿಗೆ ಇಂದು ಹೆಚ್ಚು ಬೇಕಾದುದು ನಾಲ್ಕನೆಯದೆಂದು ನನಗೆ ತೋರುತ್ತದೆ. ಮಕ್ಕಳು ಗಲ್ಫಿನಲ್ಲಿ, ಬೆಂಗಳೂರಿನಲ್ಲಿ; ವೃದ್ಧರು ಊರಿನಲ್ಲಿ. ಆಸ್ತಿ ಪಾಲಾದಂದಿನಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಬೇಲಿಯ ಆಚೀಚೆ. 'ನಾಳೆ ಹೋಗೋಣ, ನಾಳೆ ಮಾತಾಡಿಸೋಣ' ಎಂಬ ಸಮಾಧಾನದಲ್ಲಿ ವರ್ಷಗಳು ಉರುಳುತ್ತವೆ. ನಾಳೆ ಎಂಬುದು ಖಾತ್ರಿಯೆಂದು ನಂಬಿದವನು ಮಾತ್ರ ಹಾಗೆ ಮುಂದೂಡಬಲ್ಲ.

ಈ ಸಾಧನೆಗೆ ಖರ್ಚಿಲ್ಲ, ಗುಡಿ ಮಸೀದಿಗಳ ಭೇದವೂ ಇಲ್ಲ. ಬೆಳಿಗ್ಗೆಯೋ ಸಂಜೆ ದೀಪ ಹಚ್ಚುವ ಹೊತ್ತಿಗೋ ಐದು ನಿಮಿಷ ಸುಮ್ಮನೆ ಕುಳಿತು ಒಂದೊಂದನ್ನೇ ತನ್ನ ಮಟ್ಟಿಗೆ ಎಂದು ನೆನೆದರೆ ಸಾಕು. ಐದನೆಯದಕ್ಕೆ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಹಾಗಾದರೆ ಇಂದು ನಾನು ಮಾಡಬೇಕಾದುದೇನು?

ಕುಶಿನಗರದಲ್ಲಿ ಕೊನೆಯುಸಿರೆಳೆಯುವ ಮುನ್ನ ಬುದ್ಧನು ಎಲ್ಲವೂ ಅಳಿಯುವುದೆಂದು ನೆನಪಿಸಿ, ಆ ಕಾರಣಕ್ಕೇ ಮೈಮರೆಯದೆ ಸಾಧಿಸಿರೆಂದನಂತೆ. ಎಲ್ಲವೂ ಅಳಿಯುವುದರಿಂದಲೇ ಇಂದಿನ ಕೆಲಸಕ್ಕೆ ಬೆಲೆ. ಆಡಬೇಕಾದ ಒಳ್ಳೆಯ ಮಾತು ಬಾಕಿಯಿದ್ದರೆ ಅದನ್ನು ಇಂದೇ ಆಡಿ ಮುಗಿಸುವುದು ಲೇಸು.