ಬ್ಯಾಂಕ್ ವಿಲೀನ: ದುಡ್ಡು ಎಲ್ಲೂ ಹೋಗಲ್ಲ, ಆದ್ರೆ ದುಡ್ಡಿಗೆ ಕಟ್ಟಿದ ಕೊಂಡಿ ಕಳಚುತ್ತೆ

ಎಂಟು ವರ್ಷದಲ್ಲಿ ನಮ್ಮ ಊರುಗಳ ಮುಖ್ಯರಸ್ತೆಯಲ್ಲಿ ಎಷ್ಟು ಬ್ಯಾಂಕುಗಳ ಬೋರ್ಡು ಬದಲಾಯ್ತು ನೋಡಿ. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಒಳಗೆ ಸೇರಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಹೋಗಿ ಬ್ಯಾಂಕ್ ಆಫ್ ಬರೋಡಾ ಬಂತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದೊಂದಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್‌ನೊಂದಿಗೆ ಸೇರಿದವು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದಾಗಿ, ಬಳ್ಳಾರಿ ಕೇಂದ್ರ ಕಚೇರಿಯಾಗಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು.

ಬೋರ್ಡು ಬದಲಿಸೋಕೆ ಅರ್ಧ ದಿನ ಸಾಕು. ಒಳಗಿನ ಕೆಲಸ ಬೇರೆಯೇ ಇದೆ. ಲಕ್ಷಾಂತರ ಖಾತೆಗಳ ಲೆಕ್ಕ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಬೇಕು. ಅದು ಸರಿಯಾಗಿ ಆಗದಿದ್ರೆ ಸೋಮವಾರ ಬೆಳಿಗ್ಗೆ ತೊಂದರೆ ಆಗೋದು ಕೌಂಟರ್‌ನ ಈಚೆ ನಿಂತವರಿಗೆ. ಇಂಥ ಸಾಗಾಟದಲ್ಲಿ ಯಾವುದು ಸುರಕ್ಷಿತ, ಯಾವುದು ಕೈಕೊಡುತ್ತೆ ಅನ್ನೋದನ್ನು ಅಂಗಡಿಯವರೂ ಖಾತೆದಾರರೂ ತಿಳಿದಿರೋದು ಒಳ್ಳೇದು.

ಹೊಸ ಖಾತೆ ಪುಸ್ತಕ ತೆರೆದ ಹಾಗೆ

ವ್ಯಾಪಾರಸ್ಥರಿಗೆ ಇದು ಹೊಸ ವಿಷಯವಲ್ಲ. ದೀಪಾವಳಿಗೆ ಲಕ್ಷ್ಮೀಪೂಜೆ ಮಾಡಿ ಹೊಸ ಪುಸ್ತಕ ತೆರೀತೀವಿ. ಹಳೇ ಪುಸ್ತಕದ ಸಿಲ್ಕು, ಯಾರ ಉದ್ರಿ ಎಷ್ಟಿದೆ, ಯಾರಿಗೆ ಎಷ್ಟು ಕೊಡಬೇಕು ಎಲ್ಲವನ್ನೂ ಹೊಸದಕ್ಕೆ ಇಳಿಸಿ, ಎರಡೂ ಪುಸ್ತಕದ ಮೊತ್ತ ತಾಳೆ ನೋಡ್ತೀವಿ. ತಾಳೆ ಆಗೋವರೆಗೆ ಹಳೇ ಪುಸ್ತಕ ಅಟ್ಟಕ್ಕೆ ಹಾಕಲ್ಲ.

ಬ್ಯಾಂಕಿನ ಪುಸ್ತಕ ಇರೋದು ಕಂಪ್ಯೂಟರ್‌ನ ಡೇಟಾಬೇಸ್‌ನಲ್ಲಿ. ನಮ್ಮ ದೇಶದ ಬ್ಯಾಂಕುಗಳಲ್ಲಿ ಹೆಚ್ಚಾಗಿ ಕಾಣೋ ಸಾಫ್ಟ್‌ವೇರ್‌ಗಳು ಮೂರು: ಇನ್ಫೋಸಿಸ್‌ನ ಫಿನಾಕಲ್, ಟಿಸಿಎಸ್‌ನ ಬ್ಯಾಂಕ್ಸ್, ಒರಾಕಲ್‌ನ ಫ್ಲೆಕ್ಸ್‌ಕ್ಯೂಬ್. ಒಂದೊಂದರ ಮನೆಯೂ ಒಂದೊಂದು ರೀತಿ ಕಟ್ಟಿರುತ್ತೆ. ಒಂದರಲ್ಲಿ ಪೂರ್ತಿ ಹೆಸರಿಗೆ ಒಂದೇ ಕಾಲಂ ಇದ್ದರೆ, ಇನ್ನೊಂದರಲ್ಲಿ ಹೆಸರು, ಇನಿಷಿಯಲ್ ಬೇರೆ ಬೇರೆ ಇರಬಹುದು. ಖಾತೆ ಸಂಖ್ಯೆಯ ಅಂಕಿಗಳು ಬೇರೆ, ಬಡ್ಡಿ ಲೆಕ್ಕದ ಕೋಡ್ ಬೇರೆ. ಹಾಗಾಗಿ ಇಲ್ಲಿನ ಯಾವ ಕಾಲಂ ಅಲ್ಲಿನ ಯಾವ ಕಾಲಂಗೆ ಹೋಗಬೇಕು ಅಂತ ಮೊದಲು ಪಟ್ಟಿ ಮಾಡ್ತಾರೆ. ಪ್ರಾಯೋಗಿಕವಾಗಿ ಹಲವು ಸಲ ಸಾಗಿಸಿ ನೋಡ್ತಾರೆ. ಕೊನೆಗೆ ಒಂದು ಶನಿವಾರ, ಭಾನುವಾರ ಸೇವೆ ನಿಲ್ಲಿಸಿ, ಪೂರ್ತಿ ಸಾಗಿಸಿ, ಖಾತೆಗಳ ಸಂಖ್ಯೆ ಮತ್ತು ಒಟ್ಟು ಮೊತ್ತ ತಾಳೆ ನೋಡ್ತಾರೆ.

ಇದು ಎಷ್ಟು ಕಷ್ಟದ ಕೆಲಸ ಅಂದ್ರೆ, 2019ರ ಆಗಸ್ಟ್ 30ಕ್ಕೆ ಹತ್ತು ಸರ್ಕಾರಿ ಬ್ಯಾಂಕುಗಳನ್ನು ನಾಲ್ಕು ಮಾಡುವ ಘೋಷಣೆ ಆದಾಗ, ಯಾವ ಬ್ಯಾಂಕ್ ಯಾವುದರ ಜೊತೆ ಅನ್ನೋದಕ್ಕೆ ಒಂದೇ ಸಾಫ್ಟ್‌ವೇರ್ ಇರೋದನ್ನೂ ಒಂದು ಕಾರಣವಾಗಿ ಸರ್ಕಾರ ಹೇಳಿತ್ತು. ಕೆನರಾ, ಸಿಂಡಿಕೇಟ್ ಜೋಡಿಯೂ ಹಾಗೇ ಒಂದೇ ಸಾಫ್ಟ್‌ವೇರಿನ ಜೋಡಿ.

ಬ್ರಿಟನ್ನಿನ ಆ ಭಾನುವಾರ

ಸಾಫ್ಟ್‌ವೇರ್ ಬೇರೆ ಬೇರೆ ಆಗಿದ್ದು, ಅವಸರವೂ ಸೇರಿದ್ರೆ ಏನಾಗುತ್ತೆ ಅನ್ನೋದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ದೊಡ್ಡ ಪಾಠ. ಆ ಬ್ಯಾಂಕ್ ಮೊದಲು ಲಾಯ್ಡ್ಸ್ ಗುಂಪಿನಲ್ಲಿತ್ತು. 2015ರಲ್ಲಿ ಸ್ಪೇನಿನ ಸಬಾಡೆಲ್ ಬ್ಯಾಂಕ್ ಅದನ್ನು ಕೊಂಡಿತು. ಲಾಯ್ಡ್ಸ್‌ನ ಕಂಪ್ಯೂಟರ್ ವ್ಯವಸ್ಥೆಗೆ ಬಾಡಿಗೆ ಕಟ್ಟೋದು ಬಿಟ್ಟು ಸಬಾಡೆಲ್‌ನ ವ್ಯವಸ್ಥೆಗೆ ಹೋಗೋಣ ಅಂತ ತೀರ್ಮಾನ ಆಯ್ತು.

2018ರ ಏಪ್ರಿಲ್ ಮೂರನೇ ವಾರಾಂತ್ಯದಲ್ಲಿ ಮುಖ್ಯ ಸಾಗಾಟ ನಡೆಯಿತು. ಭಾನುವಾರ ಸಂಜೆ ಬಾಗಿಲು ತೆರೆದ ಕೂಡಲೇ ಗೊಂದಲ. ಸುಮಾರು 19 ಲಕ್ಷ ಜನರಿಗೆ ಆನ್‌ಲೈನ್ ಖಾತೆಯೇ ತೆರೆಯಲಿಲ್ಲ. ಕೆಲವರಿಗೆ ಬೇರೆಯವರ ಖಾತೆ ವಿವರ ಕಾಣಿಸಿತು. ಶಾಖೆಗಳೂ ಪರದಾಡಿದವು. ಎಲ್ಲ ಸರಿಹೋಗುವಾಗ ಆ ವರ್ಷದ ಡಿಸೆಂಬರ್ ಬಂದಿತ್ತು. ದೂರುಗಳು 2.25 ಲಕ್ಷ ದಾಟಿದವು. ಗ್ರಾಹಕರಿಗೆ ಕೊಟ್ಟ ಪರಿಹಾರ 3.27 ಕೋಟಿ ಪೌಂಡ್. ಬ್ಯಾಂಕಿನ ಮುಖ್ಯಸ್ಥ ಪಾಲ್ ಪೆಸ್ಟರ್ ಅದೇ ಸೆಪ್ಟೆಂಬರ್‌ನಲ್ಲಿ ಹುದ್ದೆ ಬಿಟ್ಟರು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಗಳು 4.86 ಕೋಟಿ ಪೌಂಡ್ ದಂಡ ಹಾಕಿದವು.

ಇದರಲ್ಲಿ ಗಮನಿಸಬೇಕಾದ ಮಾತು ಒಂದಿದೆ. ನಿಯಂತ್ರಣ ಸಂಸ್ಥೆಯೇ ಹೇಳಿದ ಹಾಗೆ, ದತ್ತಾಂಶ ಮಾತ್ರ ಸರಿಯಾಗೇ ಸಾಗಿತ್ತು. ಅಂದ್ರೆ ಲೆಕ್ಕ ಕಳೆದುಹೋಗಿರಲಿಲ್ಲ. ಆ ಲೆಕ್ಕದ ಮೇಲೆ ನಿಂತಿದ್ದ ಹೊಸ ವ್ಯವಸ್ಥೆ ಜನರ ಭಾರ ತಡೆಯಲಿಲ್ಲ. ಬ್ಯಾಂಕ್ ನೇಮಿಸಿದ್ದ ಕಾನೂನು ಸಂಸ್ಥೆಯ ತನಿಖೆಯಲ್ಲಿ, ಎರಡು ಡೇಟಾ ಕೇಂದ್ರಗಳ ಪೈಕಿ ಒಂದನ್ನು ಮಾತ್ರ ಪರೀಕ್ಷೆ ಮಾಡಿದ್ದು ಬಯಲಾಯಿತು. ಹಂತ ಹಂತವಾಗಿ ಹೋಗದೆ ಬಹುಪಾಲು ಗ್ರಾಹಕರನ್ನು ಒಂದೇ ಸಲ ಸಾಗಿಸಿದ ಬಗ್ಗೆಯೂ ಟೀಕೆ ಬಂತು. ದುಡ್ಡು ಖಾತೆಯಲ್ಲೇ ಇತ್ತು, ಆದರೆ ಬಾಡಿಗೆ ಕಟ್ಟೋಕೆ, ಸಂಬಳ ಕೊಡೋಕೆ ಆಗಲಿಲ್ಲ.

ನಮ್ಮಲ್ಲಿ ಕಳಚೋ ಕೊಂಡಿಗಳು

ನಮ್ಮ ವಿಲೀನಗಳಲ್ಲಿ ಅಷ್ಟು ದೊಡ್ಡ ಅನಾಹುತ ಆಗಿಲ್ಲ. ಆದ್ರೆ ಖಾತೆಗೆ ಹೊರಗಿನಿಂದ ಕಟ್ಟಿರೋ ಕೊಂಡಿಗಳು ಇಲ್ಲೂ ಬದಲಾಗುತ್ತವೆ.

ಮೊದಲನೇದು ಐಎಫ್‌ಎಸ್‌ಸಿ. ಈ 11 ಅಕ್ಷರ, ಅಂಕಿಗಳ ಕೋಡ್‌ನಲ್ಲಿ ಮೊದಲ ನಾಲ್ಕು ಬ್ಯಾಂಕಿನದು, ಕೊನೇ ಆರು ಶಾಖೆಯದು. ವಿಜಯಾ ಬ್ಯಾಂಕಿನ ಹಳೇ ಕೋಡ್‌ಗಳು 2021ರ ಮಾರ್ಚ್ 1ರಿಂದ ನಿಂತವು. ಸಿಂಡಿಕೇಟ್‌ನ ಎಸ್‌ವೈಎನ್‌ಬಿ ಕೋಡ್‌ಗಳು 2021ರ ಜುಲೈ 1ರಿಂದ ನಿಂತು ಸಿಎನ್‌ಆರ್‌ಬಿ ಆದವು. ವಿಲೀನ ಆಗಿ ವರ್ಷದ ಮೇಲೆ ಆದ ಬದಲಾವಣೆ ಇದು. "ಆಗಲೇ ಮುಗಿದುಹೋಯ್ತಲ್ಲ" ಅಂತ ಸುಮ್ಮನಿದ್ದು, ಬಿಲ್ ಪುಸ್ತಕದ ಮೇಲೆ ಹಳೇ ಕೋಡೇ ಅಚ್ಚಾಗಿದ್ದರೆ ಗ್ರಾಹಕರು ಹಾಕಿದ ನೆಫ್ಟ್ ವಾಪಸ್ ಹೋಗುತ್ತೆ.

ಎರಡನೇದು ಚೆಕ್ಕು. ಹಳೇ ಬ್ಯಾಂಕಿನ ಚೆಕ್ ಪುಸ್ತಕಕ್ಕೆ ಒಂದು ಕೊನೇ ದಿನ ಇರುತ್ತೆ. ಹೋಲ್‌ಸೇಲ್‌ನವರಿಗೆ ಮುಂದಿನ ದಿನಾಂಕ ಹಾಕಿ ಕೊಟ್ಟ ಚೆಕ್ಕು ಆ ದಿನ ದಾಟಿದ ಮೇಲೆ ಬ್ಯಾಂಕಿಗೆ ಹೋದರೆ, ಖಾತೆಯಲ್ಲಿ ದುಡ್ಡಿದ್ದೂ ಅದು ವಾಪಸ್ ಬರಬಹುದು. ವ್ಯಾಪಾರದಲ್ಲಿ ಹೆಸರು ಕೆಡೋಕೆ ಅಷ್ಟೇ ಸಾಕು.

ಮೂರನೇದು ತಾನಾಗಿ ಕಡಿತ ಆಗೋ ಕಂತುಗಳು. ವಾಹನದ ಸಾಲ, ಎಲ್‌ಐಸಿ ಪ್ರೀಮಿಯಂ, ಸಂಘದ ಆರ್‌ಡಿ ಇವೆಲ್ಲ ನೀವು ಹಿಂದೆ ಸಹಿ ಹಾಕಿದ ಆದೇಶದ ಮೇಲೆ ನಡೀತವೆ. ಖಾತೆ ಸಂಖ್ಯೆ ಬದಲಾದರೆ ಆದೇಶವೂ ಹೊಸದಕ್ಕೆ ಹೊಂದಿಕೊಂಡಿದೆಯಾ ನೋಡಬೇಕು. ಒಂದು ಕಂತು ತಪ್ಪಿದರೆ ದಂಡ ಬೀಳೋದು, ಸಿಬಿಲ್‌ನಲ್ಲಿ ದಾಖಲಾಗೋದು ನಿಮ್ಮ ಹೆಸರಲ್ಲೇ.

ನಾಲ್ಕನೇದು ಆಧಾರ್ ಜೋಡಣೆ. ಗೃಹಲಕ್ಷ್ಮಿಯ 2,000 ರೂಪಾಯಿ ಬರೋದು ಆಧಾರ್ ಮೂಲಕ. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅನ್ನೋ ಪಟ್ಟಿ ಎನ್‌ಪಿಸಿಐ ಬಳಿ ಇರುತ್ತೆ. ಬ್ಯಾಂಕ್ ಬದಲಾದಾಗ ಆ ಪಟ್ಟಿಯೂ ಬದಲಾಗಬೇಕು. ಇಲ್ಲದಿದ್ದರೆ "ನಮ್ಮ ಖಾತೆ ಸರಿಯಾಗೇ ಇದೆ, ದುಡ್ಡು ಯಾಕೆ ಬಂದಿಲ್ಲ?" ಅಂತ ಮನೆಯವರು ಕಚೇರಿಯಿಂದ ಕಚೇರಿಗೆ ಅಲೀಬೇಕಾಗುತ್ತೆ.

ಅಂಗಡಿಯ ಬಿಲ್ಲಿಂಗ್‌ಗೂ ಇದೇ ಮಾತು

ಈಗ ಕಿರಾಣಿ, ಮೆಡಿಕಲ್, ಹಾರ್ಡ್‌ವೇರ್ ಅಂಗಡಿಯವರೂ ಒಂದು ಕಂಪನಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಟ್ಟು ಇನ್ನೊಂದಕ್ಕೆ ಹೋಗ್ತಿದ್ದಾರೆ. ಸಾಮಾನಿನ ಪಟ್ಟಿ ಸುಲಭವಾಗಿ ಸಾಗುತ್ತೆ. ತೊಡಕಾಗೋದು ಪಾರ್ಟಿವಾರು ಬಾಕಿ, ಔಷಧದ ಬ್ಯಾಚ್ ಮತ್ತು ಅವಧಿ ದಿನಾಂಕ, ಜಿಎಸ್‌ಟಿ ದರ, ಬಿಲ್ ನಂಬರ್‌ಗಳಲ್ಲಿ. ಏಪ್ರಿಲ್ 1ಕ್ಕೆ ಬದಲಿಸಿದರೆ ಲೆಕ್ಕಕ್ಕೆ ಅನುಕೂಲ. ಹಳೇ ಸಾಫ್ಟ್‌ವೇರಿನ ಬಾಡಿಗೆ ನಿಲ್ಲಿಸೋ ಮುಂಚೆ ಪೂರ್ತಿ ಡೇಟಾವನ್ನು ಎಕ್ಸೆಲ್‌ನಲ್ಲೂ ಪಿಡಿಎಫ್‌ನಲ್ಲೂ ಇಳಿಸಿಕೊಳ್ಳಿ. ಜಿಎಸ್‌ಟಿ ಕಾಯ್ದೆ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕ ಇಟ್ಟಿರಬೇಕು. ನೋಟಿಸ್ ಬಂದಾಗ "ಹಳೇ ಕಂಪನಿಯವರು ಲಾಗಿನ್ ಮುಚ್ಚಿದ್ರು" ಅನ್ನೋ ಉತ್ತರ ನಡೆಯಲ್ಲ.

ನೀವು ಏನು ಮಾಡಬಹುದು

ಬದಲಾವಣೆಗೆ ಮುಂಚೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ಇಟ್ಟುಕೊಳ್ಳಿ. ಎಫ್‌ಡಿ ಬಾಂಡ್, ಸಾಲದ ಬಾಕಿ, ನಾಮಿನಿ ಹೆಸರು ಕಾಗದದಲ್ಲಿ ಇರಲಿ. ಬದಲಾದ ಮೇಲೆ ಮತ್ತೊಮ್ಮೆ ಎಂಟ್ರಿ ಹಾಕಿಸಿ ಎರಡನ್ನೂ ತಾಳೆ ನೋಡಿ. ಹೆಸರಿನ ಸ್ಪೆಲ್ಲಿಂಗ್, ಇನಿಷಿಯಲ್, ನಾಮಿನಿ ಇವನ್ನು ಬಿಡಬೇಡಿ. ಅಂಗಡಿಯ ಕ್ಯೂಆರ್‌ಗೆ ಯಾರಿಂದಾದರೂ 1 ರೂಪಾಯಿ ಹಾಕಿಸಿ, ಖಾತೆಗೆ ಬಂತಾ ಅಂತ ಪರೀಕ್ಷೆ ಮಾಡಿ.

ಯುಪಿಐನಲ್ಲಿ ದುಡ್ಡು ಕಡಿತವಾಗಿ ಇನ್ನೊಬ್ಬರ ಖಾತೆಗೆ ಹೋಗದಿದ್ದರೆ ಮರುದಿನದೊಳಗೆ, ಅಂಗಡಿ ಪಾವತಿ ಆಗಿದ್ದರೆ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ದೂರನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. 30 ದಿನದಲ್ಲಿ ಬ್ಯಾಂಕ್ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯವಾಣಿ 14448. "ವಿಲೀನ ಆಗಿದೆ, ಒಟಿಪಿ ಹೇಳಿ" ಅಂತ ಫೋನ್ ಬಂದರೆ ಅದು ವಂಚನೆ. ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಹಾಗಂತ ಎಲ್ಲ ಹೊಣೆಯನ್ನೂ ಖಾತೆದಾರರ ಮೇಲೆ ಹಾಕೋದು ನ್ಯಾಯವಲ್ಲ. ಬ್ಯಾಂಕ್ ಬದಲಾಗಲಿ ಅಂತ ಅವರು ಕೇಳಿರಲಿಲ್ಲ. ಹಳೇ ಕೋಡ್, ಹೊಸ ಕೋಡ್, ಚೆಕ್ ಪುಸ್ತಕದ ಕೊನೇ ದಿನ, ಸೇವೆ ನಿಲ್ಲೋ ದಿನ ಇಷ್ಟನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಶಾಖೆಯ ಬಾಗಿಲಿಗೆ, ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸೋಕೆ ಹೆಚ್ಚು ಖರ್ಚಿಲ್ಲ. ಇಂಗ್ಲಿಷ್ ಎಸ್‌ಎಂಎಸ್ ಒಂದನ್ನು ಕಳಿಸಿದರೆ ಕರ್ತವ್ಯ ಮುಗಿಯಲ್ಲ. ತಪ್ಪಿದ ಕಂತಿನ ದಂಡಕ್ಕೆ ಸಾಗಾಟವೇ ಕಾರಣವಾಗಿದ್ದರೆ ಅದನ್ನು ಬ್ಯಾಂಕೇ ಭರಿಸಬೇಕು, ಸಿಬಿಲ್ ದಾಖಲೆಯನ್ನೂ ಬ್ಯಾಂಕೇ ಸರಿಪಡಿಸಬೇಕು. ಕೌಂಟರ್‌ನಲ್ಲಿ ಕೂತ ಸಿಬ್ಬಂದಿ ಜೊತೆ ಜಗಳ ಆಡಿ ಪ್ರಯೋಜನವಿಲ್ಲ, ತೀರ್ಮಾನ ಅವರದ್ದಲ್ಲ. ವರ್ತಕರ ಸಂಘಗಳು, ಸ್ತ್ರೀಶಕ್ತಿ ಸಂಘಗಳು ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಒಟ್ಟಾಗಿ ಮನವಿ ಕೊಟ್ಟು, ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಸಭೆಯಲ್ಲಿ ಇದು ಚರ್ಚೆಗೆ ಬರೋ ಹಾಗೆ ಮಾಡಿದರೆ ಕೆಲಸ ಆಗುತ್ತೆ.